ಅನಾಥಸೇವೆಯೋ, ಅನಾಥಸೃಷ್ಟಿಯೋ?

ನೇಪಾಳ ದೇಶದ ವಾಯವ್ಯ ಮೂಲೆಯಲ್ಲಿ ಹುಮ್ಲಾ ಎಂಬ ಜಿಲ್ಲೆಯೊಂದುಂಟು. ಅದರ ಮುಖ್ಯ ಸ್ಥಳವಾದ ಸಿಮಿಕೋಟಿನ ಹೆಸರು ಕನ್ನಡ ನಾಡಿನ ಯಾತ್ರಿಕರಿಗೆ ಅಪರಿಚಿತವಾದುದಲ್ಲ. ನೇಪಾಳದ ಮಾರ್ಗವಾಗಿ ಕೈಲಾಸ ಮಾನಸಸರೋವರಗಳ ದರ್ಶನಕ್ಕೆ ಹೊರಟವರಲ್ಲಿ ಅನೇಕರು ನೇಪಾಳಗಂಜಿನಿಂದ ಸಣ್ಣ ವಿಮಾನವನ್ನೇರಿ ಸಿಮಿಕೋಟಿನಲ್ಲಿ ಇಳಿದು, ಅಲ್ಲಿಂದ ಗಡಿಯ ಹಿಲ್ಸಾ ಗ್ರಾಮಕ್ಕೆ ಸಾಗಿದವರೇ. 2018ನೆಯ ಇಸವಿಯ ಜುಲೈ ತಿಂಗಳಲ್ಲಿ ಮಳೆ ಮಂಜುಗಳ ದೆಸೆಯಿಂದ ವಿಮಾನಗಳ ಸಂಚಾರವು ನಿಂತು, ಸಾವಿರಕ್ಕೂ ಮಿಕ್ಕ ಭಾರತೀಯ ಯಾತ್ರಿಕರು ಆ ಮಾರ್ಗದಲ್ಲಿ ಸಿಕ್ಕಿಕೊಂಡರು. ಅವರೊಳಗೆ ಇನ್ನೂರಕ್ಕೂ ಹೆಚ್ಚು ಮಂದಿ ಕರ್ನಾಟಕದವರಾಗಿದ್ದುದರಿಂದ, ಕೆಲವು ದಿವಸಗಳ ಕಾಲ ಸಿಮಿಕೋಟಿನ ಹೆಸರು ಇಲ್ಲಿಯ ಮನೆಮನೆಗಳಲ್ಲಿಯೂ ಕೇಳಿಬಂದಿತು. ಆಮೇಲೆ ಯಾತ್ರಿಕರು ಊರಿಗೆ ಮರಳಿದರು, ಹೆಸರೂ ಮರೆತುಹೋಯಿತು.

ಆದರೆ ಅದೇ ಸಿಮಿಕೋಟಿನಿಂದ, ಅದೇ ಕಣಿವೆಗಳ ಕಾಲುದಾರಿಗಳಿಂದ, ಅದಕ್ಕಿಂತ ಹಿಂದೆ ಬೇರೊಂದು ಬಗೆಯ ಪಯಣಿಗರು ಹೊರಟಿದ್ದರು. ಅವರು ನಾಲ್ಕೈದು ವರ್ಷದಿಂದ ಹತ್ತು ಹನ್ನೆರಡು ವರ್ಷದ ವರೆಗಿನ ಮಕ್ಕಳು. ಅವರಲ್ಲಿ ಅನೇಕರು ಎಷ್ಟೋ ವರ್ಷಗಳ ವರೆಗೆ ಹಿಂದಿರುಗಲಿಲ್ಲ. ಆ ಮಕ್ಕಳು ಎಲ್ಲಿಗೆ ಹೋದರು, ಏಕೆ ಹೋದರು, ಅವರನ್ನು ಕಾಣುವುದಕ್ಕಾಗಿ ಸಮುದ್ರಗಳ ಆಚೆಯಿಂದ ಯಾರು ಬಂದರು ಎಂಬುದನ್ನು ಈ ಪತ್ರಿಕೆಯ ವಾಚಕರು ತಿಳಿಯುವುದು ಅವಶ್ಯವಾಗಿದೆ. ಏಕೆಂದರೆ ಹೊರದೇಶದ ಅನಾಥಾಲಯಗಳಲ್ಲಿ ಕೆಲವು ವಾರಗಳ ಸೇವೆ ಸಲ್ಲಿಸಿ ಬರುವ ಪದ್ಧತಿಯು ಪಾಶ್ಚಾತ್ಯ ದೇಶಗಳ ತರುಣರಲ್ಲಿ ದೊಡ್ಡ ರೂಢಿಯಾಗಿ ಬೆಳೆದಿದೆ. ಆ ದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೂ, ಇಲ್ಲಿಯ ಸುಶಿಕ್ಷಿತ ಕುಟುಂಬಗಳ ತರುಣ ತರುಣಿಯರಿಗೂ ಅದರ ಆಕರ್ಷಣೆ ಇಲ್ಲವೆನ್ನುವಂತಿಲ್ಲ. ಪುಣ್ಯಕಾರ್ಯವೆಂದು ಭಾವಿಸಿ ತಂದೆತಾಯಿಗಳು ಸಂತೋಷದಿಂದ ಹಣವನ್ನು ಕೊಡುತ್ತಾರೆ. ಅದು ನಿಜವಾಗಿ ಪುಣ್ಯಕಾರ್ಯವೇ ಎಂಬ ವಿಚಾರವು ಮಾತ್ರ ಹಣ ಕೊಡುವ ಮುಂಚೆ ನಡೆಯುವುದು ಅಪರೂಪ.

ನೇಪಾಳದಲ್ಲಿ 1996ರಿಂದ 2006ರ ವರೆಗೆ ಸರಕಾರಕ್ಕೂ ಮಾವೋವಾದಿಗಳಿಗೂ ಯುದ್ಧವು ನಡೆಯಿತು. ಹುಮ್ಲಾದಂಥ ಬೆಟ್ಟಗಾಡು ಜಿಲ್ಲೆಗಳಲ್ಲಿ ಬಂಡಾಯಗಾರರು ಮನೆಗೊಂದು ಆಳನ್ನು ತಮ್ಮ ಪಡೆಗೆ ಒಪ್ಪಿಸಬೇಕೆಂದು ಹಳ್ಳಿಗರನ್ನು ಪೀಡಿಸುತ್ತಿದ್ದರು. ಎಳೆಯ ಮಕ್ಕಳೂ ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಆ ಜಿಲ್ಲೆಗೆ ಬಹುಕಾಲ ಮೋಟಾರು ರಸ್ತೆಯೇ ಇರಲಿಲ್ಲ. ಬೆಳೆದ ಧಾನ್ಯವು ವರ್ಷ ಪೂರ್ತಿ ಸಾಲುತ್ತಿರಲಿಲ್ಲ. ಇಂಥ ಸಮಯದಲ್ಲಿ ದಲ್ಲಾಳಿಗಳು ಹಳ್ಳಿ ಹಳ್ಳಿಗೂ ಬಂದು, “ನಿಮ್ಮ ಮಕ್ಕಳನ್ನು ನಮ್ಮ ಸಂಗಡ ಕಳುಹಿಸಿರಿ; ಕಾಠ್ಮಂಡುವಿನಲ್ಲಿ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ; ಊಟ, ಬಟ್ಟೆ, ವಿದ್ಯೆ ಯಾವುದಕ್ಕೂ ಕೊರತೆಯಿಲ್ಲ” ಎಂದು ನಂಬಿಸಿದರು. ಮಗನು ಬದುಕಿ ಉಳಿದು ನಾಲ್ಕಕ್ಷರ ಕಲಿತರೆ ಸಾಕೆಂದು ಹೆತ್ತವರು ಸಾಲ ಮಾಡಿದರು, ಹೊಲವನ್ನು ಮಾರಿದರು, ದಲ್ಲಾಳಿಯ ಕೈಗೆ ಹಣವನ್ನೂ ಮಗುವನ್ನೂ ಒಪ್ಪಿಸಿದರು. ಕಾಠ್ಮಂಡುವನ್ನು ಮುಟ್ಟಿದ ಮೇಲೆ ಕೆಲವು ಮಕ್ಕಳು ಬೀದಿಯ ಪಾಲಾದರು. ಕೆಲವರು ಮನೆಗೆಲಸಕ್ಕೆ ಸೇರಿದರು. ಉಳಿದವರು ಬಾಲಗೃಹಗಳೆಂಬ ಹೆಸರಿನ ಮನೆಗಳನ್ನು ಸೇರಿದರು. ಅಲ್ಲಿ ಅವರ ತಂದೆತಾಯಿಗಳು ಸತ್ತರೆಂದು ಬರೆದ ಮರಣಪತ್ರಗಳು ಸಿದ್ಧವಾದುವು. ಹೀಗೆ ಹೆತ್ತವರು ಹುಮ್ಲಾದಲ್ಲಿ ಬದುಕಿರುವಂತೆಯೇ ಮಕ್ಕಳು ಕಾಠ್ಮಂಡುವಿನಲ್ಲಿ ಕಾಗದದ ಮೇಲೆ ಅನಾಥರಾದರು.

2004ರಲ್ಲಿ ಕಾನರ್ ಗ್ರೆನನ್ ಎಂಬ ಅಮೆರಿಕಾದ ತರುಣರು ಭೂಪ್ರದಕ್ಷಿಣೆಗೆ ಹೊರಟವರು, ಮೊದಲ ಕೆಲವು ತಿಂಗಳುಗಳನ್ನು ಕಾಠ್ಮಂಡು ಕಣಿವೆಯ ಗೋದಾವರಿ ಎಂಬ ಗ್ರಾಮದ ಬಾಲಗೃಹವೊಂದರಲ್ಲಿ ಸೇವೆಗೆಂದು ಮೀಸಲಿಟ್ಟರು. ವರ್ಷವೆಲ್ಲ ಸುಮ್ಮನೆ ತಿರುಗಾಡಿದನೆಂದು ಜನರು ಆಡಿಕೊಳ್ಳಬಾರದು, ಒಂದು ಸತ್ಕಾರ್ಯದ ಹೆಸರಾದರೂ ಇರಲಿ ಎಂಬ ಯೋಚನೆಯೇ ತಮ್ಮನ್ನು ಅಲ್ಲಿಗೆ ಕರೆತಂದಿತೆಂದು ಅವರು 2011ರಲ್ಲಿ ಪ್ರಕಟವಾದ ‘ಲಿಟ್ಲ್ ಪ್ರಿನ್ಸಸ್’ ಎಂಬ ಗ್ರಂಥದಲ್ಲಿ ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಆ ಗೃಹದ ಮಕ್ಕಳು ಅನಾಥರೆಂದೇ ಅವರು ನಂಬಿದ್ದರು. ಒಂದು ದಿನ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತಳು. ಒಳಗಿದ್ದ ಇಬ್ಬರು ಹುಡುಗರ ತಾಯಿ ಅವಳು. ಆಮೇಲೆ ವಿಚಾರಿಸಿ ನೋಡಿದರೆ, ಹುಮ್ಲಾದಿಂದ ದಲ್ಲಾಳಿಯು ತಂದ ಮಕ್ಕಳವರು. ಅನಾಥರೆಂಬುದು ಬರಿಯ ಕಟ್ಟುಕಥೆ. ಗ್ರೆನನ್ನರು 2006ರಲ್ಲಿ ಮಕ್ಕಳ ಭಾವಚಿತ್ರಗಳನ್ನು ಕೈಯಲ್ಲಿ ಹಿಡಿದುಕೊಂಡು ಹುಮ್ಲಾದ ಹಳ್ಳಿಗಳನ್ನು ಕಾಲ್ನಡಿಗೆಯಿಂದ ಸುತ್ತಿ, ಒಂದೊಂದೇ ಮನೆಯನ್ನು ಹುಡುಕಿದರು. ಸತ್ತರೆಂದು ಕಾಗದವು ಸಾರುತ್ತಿದ್ದ ತಂದೆತಾಯಿಗಳು ಅಲ್ಲಿ ಬದುಕಿದ್ದರು.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ದಲ್ಲಾಳಿಯು ಹೆತ್ತವರಿಂದ ಹಣ ಪಡೆದುದಾಯಿತು. ಅಲ್ಲಿಗೆ ಅವನ ಲಾಭವು ಮುಗಿದಿದ್ದರೆ ಮಗುವನ್ನು ವರ್ಷಗಟ್ಟಲೆ ಮನೆಯೊಂದರಲ್ಲಿ ಇಟ್ಟುಕೊಳ್ಳುವ ಶ್ರಮವೇತಕ್ಕೆ? ಮರಣಪತ್ರವನ್ನು ಬರೆಯಿಸುವ ಕಷ್ಟವೇತಕ್ಕೆ? ಉತ್ತರವು ಸ್ಪಷ್ಟವಾಗಿದೆ. ಅನಾಥನೆನಿಸಿಕೊಂಡ ಮಗುವಿಗೆ ಬೆಲೆಯುಂಟು. ತಂದೆತಾಯಿಗಳುಳ್ಳ ಬಡಮಗುವನ್ನು ಕಂಡು ಯಾರೂ ಸಮುದ್ರವನ್ನು ದಾಟಿ ಬರುವುದಿಲ್ಲ. ಅನಾಥನನ್ನು ಕಾಣಲು ಬರುತ್ತಾರೆ. ಬಂದವರು ಶುಲ್ಕವನ್ನು ಕೊಡುತ್ತಾರೆ, ಕಾಣಿಕೆಗಳನ್ನು ತರುತ್ತಾರೆ, ಊರಿಗೆ ಹಿಂದಿರುಗಿ ಬಂಧುಮಿತ್ರರಿಂದ ದ್ರವ್ಯವನ್ನು ಕೂಡಿಸಿ ಕಳುಹಿಸುತ್ತಾರೆ. ಕೆಲವು ವಾರಗಳ ಇಂಥ ಸೇವೆಗೆ ಒಬ್ಬೊಬ್ಬರಿಂದ ಸಾವಿರ ಡಾಲರಿಗೂ ಮಿಕ್ಕ ಹಣವನ್ನು ತೆಗೆದುಕೊಳ್ಳುವ ಪ್ರವಾಸ ಸಂಸ್ಥೆಗಳುಂಟು. ಎಲ್ಲಿ ಬೆಲೆಯುಂಟೋ ಅಲ್ಲಿ ಸರಕು ಬಂದೇ ಬರುತ್ತದೆ. ಕರುಣೆಯು ಪೇಟೆಗೆ ಇಳಿದುದರಿಂದ ಅನಾಥತ್ವವು ಸರಕಾಯಿತು. ನಿಜವಾದ ಅನಾಥರು ಸಾಲದೆ ಬಂದಾಗ ಅನಾಥರನ್ನು ತಯಾರಿಸುವ ಕೆಲಸವು ಮೊದಲಾಯಿತು.

ಈ ಮಾತು ಕಟುವಾಗಿ ತೋರಬಹುದು. ಆದರೆ ತರ್ಕಶಾಸ್ತ್ರದಲ್ಲಿ ಕಾರ್ಯಕಾರಣಭಾವವನ್ನು ನಿಶ್ಚಯಿಸುವುದಕ್ಕೆ ಅನ್ವಯ ವ್ಯತಿರೇಕಗಳೆಂಬ ಎರಡು ಸಾಧನಗಳಿವೆ. ಒಂದು ಇದ್ದೆಡೆಯಲ್ಲಿ ಇನ್ನೊಂದು ಇರುವುದು ಅನ್ವಯ. ಒಂದು ಇಲ್ಲದೆಡೆಯಲ್ಲಿ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಈ ಎರಡನ್ನೂ ಪ್ರಕೃತ ವಿಷಯಕ್ಕೆ ಹಚ್ಚಿ ನೋಡಬಹುದು. ಗ್ರೆನನ್ನರು ಸ್ಥಾಪಿಸಿದ ನೆಕ್ಸ್ಟ್ ಜನರೇಷನ್ ನೇಪಾಳ್ ಎಂಬ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, ಆಗ ನೇಪಾಳದಲ್ಲಿದ್ದ 75 ಜಿಲ್ಲೆಗಳಲ್ಲಿ ಐದೇ ಜಿಲ್ಲೆಗಳೊಳಗೆ ನೂರಕ್ಕೆ ತೊಂಬತ್ತರಷ್ಟು ಬಾಲಗೃಹಗಳು ಕೂಡಿಕೊಂಡಿದ್ದುವು. ಆ ಐದು ಯಾವುವು? ಕಾಠ್ಮಂಡು, ಲಲಿತಪುರ, ಭಕ್ತಪುರ, ಕಾಸ್ಕಿ, ಚಿತ್ವನ. ಮೊದಲಿನ ಮೂರು ರಾಜಧಾನಿಯ ಕಣಿವೆಯವು. ಕರ್ನಾಟಕದ ಭಟ್ಟರು ಬಹುಕಾಲದಿಂದ ಪೂಜೆ ನಡೆಯಿಸಿಕೊಂಡು ಬಂದ ಪಶುಪತಿನಾಥನ ಕ್ಷೇತ್ರವು ಇರುವುದು ಅಲ್ಲಿಯೇ. ಕಾಸ್ಕಿಯಲ್ಲಿ ಪೋಖರಾ ಎಂಬ ಸರೋವರದ ನಗರವಿದೆ. ಚಿತ್ವನದಲ್ಲಿ ಖಡ್ಗಮೃಗಗಳ ಅರಣ್ಯವಿದೆ. ಎಂದರೆ ಪ್ರವಾಸಿಗಳು ಬಂದು ತಂಗುವ ಸ್ಥಳಗಳೇ ಇವು. ಬಡತನವೇ ಬಾಲಗೃಹಗಳಿಗೆ ಕಾರಣವಾಗಿದ್ದರೆ ಅವು ಹುಮ್ಲಾ ಮೊದಲಾದ ಬಡಜಿಲ್ಲೆಗಳಲ್ಲಿ ಹೆಚ್ಚಾಗಿರಬೇಕಾಗಿತ್ತು. ಯುದ್ಧದಲ್ಲಿ ಹೆತ್ತವರು ಮಡಿದುದೇ ಕಾರಣವಾಗಿದ್ದರೆ ಯುದ್ಧವು ಬಲವಾಗಿ ನಡೆದ ಬೆಟ್ಟಗಳಲ್ಲಿ ಹೆಚ್ಚಾಗಿರಬೇಕಾಗಿತ್ತು. ಹಾಗಿಲ್ಲ. ಪ್ರವಾಸಿಯಿದ್ದಲ್ಲಿ ಅನಾಥಾಲಯವುಂಟು, ಪ್ರವಾಸಿಯಿಲ್ಲದಲ್ಲಿ ಅದು ವಿರಳ. ಆ ಗೃಹಗಳಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಕಡಿಮೆಯಿಲ್ಲದಷ್ಟು ಮಂದಿಗೆ ತಾಯಿಯೋ ತಂದೆಯೋ ಒಬ್ಬರಾದರೂ ಬದುಕಿದ್ದರೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ 2015ರಲ್ಲಿ ತಿಳಿಸಿತು.

ನೇಪಾಳವೊಂದರಲ್ಲಿಯೇ ಹೀಗಾಯಿತೆಂದು ತಳ್ಳಿಹಾಕುವಂತಿಲ್ಲ. ಕಾಂಬೋಡಿಯಾ ದೇಶದಲ್ಲಿ ಘೋರವಾದ ಹತ್ಯಾಕಾಂಡವು ನಡೆದುದು 1975ರಿಂದ 1979ರ ವರೆಗೆ. ಆಗ ತಬ್ಬಲಿಗಳಾದ ಮಕ್ಕಳು ಈ ಶತಮಾನದ ಆರಂಭಕ್ಕೆ ಪ್ರಾಯದವರಾಗಿ ತಾವೇ ಮಕ್ಕಳೊಂದಿಗರಾಗಿದ್ದರು. ದೇಶದಲ್ಲಿ ಶಾಂತಿಯು ನೆಲೆಗೊಂಡಿತು. ಆಂಕೋರಿನ ದೇವಾಲಯಗಳನ್ನು ನೋಡಲು ಲಕ್ಷಾಂತರ ಪ್ರವಾಸಿಗಳು ಬರತೊಡಗಿದರು. ಸಹಜವಾಗಿ ಅನಾಥಾಲಯಗಳು ಕಡಿಮೆಯಾಗಬೇಕಾಗಿತ್ತು. ಆದರೆ 2005ರಿಂದ 2010ರ ವರೆಗಿನ ಐದೇ ವರ್ಷಗಳಲ್ಲಿ ಅವುಗಳ ಸಂಖ್ಯೆಯು ನೂರಕ್ಕೆ ಎಪ್ಪತ್ತೈದರಷ್ಟು ಏರಿತು. 2015ರಲ್ಲಿ ಎಣಿಸಿ ನೋಡಿದಾಗ 406 ಗೃಹಗಳಲ್ಲಿ 16,579 ಮಕ್ಕಳಿದ್ದರು. ಅಲ್ಲಿಯ ಗೃಹಗಳ ಮಕ್ಕಳಲ್ಲಿಯೂ ನಾಲ್ವರಲ್ಲಿ ಮೂವರಿಗೆ ಹೆತ್ತವರಲ್ಲಿ ಒಬ್ಬರಾದರೂ ಇದ್ದರೆಂದು ಯುನಿಸೆಫಿನ ಅಧ್ಯಯನವು ತಿಳಿಸಿದೆ. ಯುದ್ಧದಿಂದ ಹುಟ್ಟದ ಅನಾಥರು ಶಾಂತಿಯಿಂದ ಹೇಗೆ ಹುಟ್ಟಿದರು ಎಂಬುದನ್ನು ವಾಚಕರೇ ಆಲೋಚಿಸಬಹುದು.

ಪೂರ್ವಪಕ್ಷದವರು ಹೇಳತಕ್ಕ ಮೊದಲನೆಯ ಮಾತೆಂದರೆ, “ಸೇವೆಗೆ ಹೋದವರ ಉದ್ದೇಶವು ಒಳ್ಳೆಯದು, ದಲ್ಲಾಳಿಯ ಪಾಪಕ್ಕೆ ಅವರು ಹೊಣೆಯೆ?” ಎಂಬುದು. ಉದ್ದೇಶವು ಒಳ್ಳೆಯದೆಂಬುದರಲ್ಲಿ ವಿವಾದವಿಲ್ಲ. ಆದರೆ ದಾನವನ್ನು ಕುರಿತು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಮಾಡಿದ ವಿಭಾಗವನ್ನು ಸುಶಿಕ್ಷಿತರು ಮರೆಯಲಾಗದು. ಅಲ್ಲಿ ದೇಶ, ಕಾಲ, ಪಾತ್ರ ಎಂಬ ಮೂರನ್ನೂ ನೋಡಿ, ಪ್ರತಿಫಲವನ್ನು ಬಯಸದೆ ಕೊಟ್ಟುದು ಮಾತ್ರ ಸಾತ್ತ್ವಿಕ ದಾನವೆನಿಸಿದೆ. ಕೊಡುವವನ ಮನಸ್ಸು ಕೋಮಲವಾಗಿದ್ದರೆ ಸಾಕೆಂದು ಶಾಸ್ತ್ರವು ಎಲ್ಲಿಯೂ ಹೇಳಿಲ್ಲ. ಕೊಟ್ಟುದು ಯಾರ ಕೈಗೆ ಹೋಯಿತು, ಏನಾಯಿತು ಎಂಬ ವಿಚಾರವೂ ಕೊಡುವವನ ಧರ್ಮವೇ ಆಗಿದೆ. ಪ್ರತಿಫಲದ ಬಯಕೆಯಿಲ್ಲವೆಂಬ ಮಾತನ್ನೂ ಪರೀಕ್ಷಿಸಬೇಕಾಗುತ್ತದೆ. ಮಕ್ಕಳನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡು ತೆಗೆಯಿಸಿದ ಭಾವಚಿತ್ರ, ವಿಶ್ವವಿದ್ಯಾಲಯದ ಪ್ರವೇಶಕ್ಕೆ ಒದಗುವ ಪ್ರಮಾಣಪತ್ರ, ಲೋಕವನ್ನು ಕಂಡು ಬಂದೆನೆಂಬ ಹೆಮ್ಮೆ, ಇವೆಲ್ಲವೂ ಪ್ರತಿಫಲಗಳೇ. ಇವನ್ನು ಬಯಸುವುದು ತಾರುಣ್ಯದಲ್ಲಿ ಅಸಹಜವಲ್ಲ. ಇವುಗಳ ಬೆಲೆಯನ್ನು ಬೇರೆಯವರ ಮಕ್ಕಳಿಂದ ತೆರಿಸುವುದು ಮಾತ್ರ ಅಧರ್ಮ.

ಆ ಬೆಲೆಯೇನೆಂಬುದನ್ನು ಈಗ ನೋಡಬೇಕು. ಮಗುವು ಬೆಳೆಯುವುದು ಅನ್ನದಿಂದ ಮಾತ್ರವೇ ಅಲ್ಲವೆಂಬುದನ್ನು ತಾಯಂದಿರು ಎಂದಿನಿಂದಲೂ ಬಲ್ಲರು. ವಿಜ್ಞಾನವು ಅದನ್ನು ಅಳೆದು ತೋರಿಸಿದೆ. ರುಮೇನಿಯಾ ದೇಶದಲ್ಲಿ 1989ರ ಕೊನೆಯಲ್ಲಿ ನಿರಂಕುಶ ಪ್ರಭುತ್ವವು ಬಿದ್ದಾಗ ಸರಕಾರಿ ಶಿಶುಗೃಹಗಳಲ್ಲಿ ಲಕ್ಷಕ್ಕೂ ಮಿಕ್ಕ ಮಕ್ಕಳಿದ್ದರು. ಬುಖಾರೆಸ್ಟ್ ನಗರದಲ್ಲಿ 2000ದ ಹೊತ್ತಿಗೆ ಅಮೆರಿಕಾದ ವಿದ್ವಾಂಸರು 136 ಶಿಶುಗಳನ್ನು ಆರಿಸಿ, ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಲ್ಲಿ ಇರಿಸಿ, ಉಳಿದವರ ಬೆಳವಣಿಗೆಯನ್ನೂ ಜೊತೆಗೇ ಗಮನಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶವು ಸಂದಿಗ್ಧವಾಗಿರಲಿಲ್ಲ. ಸಾಕುಮನೆಗೆ ಹೋದ ಮಕ್ಕಳ ಬುದ್ಧಿಶಕ್ತಿಯು ಗೃಹದಲ್ಲಿಯೇ ಉಳಿದವರಿಗಿಂತ ಮೇಲಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭವು ಇನ್ನೂ ಅಧಿಕವಾಗಿತ್ತು. ತನ್ನದೆಂದು ಹಿಡಿದುಕೊಳ್ಳಬಹುದಾದ ಒಂದು ಕೈ, ದಿನವೂ ಅದೇ ಮುಖ, ರಾತ್ರಿ ಅತ್ತರೆ ಎದ್ದು ಬರುವ ಅದೇ ಧ್ವನಿ, ಇಷ್ಟೇ ಶಿಶುವಿಗೆ ಬೇಕಾದುದು. ಮೂರು ವಾರಗಳ ಸೇವಕರು ಇದಕ್ಕೆ ನೇರವಾಗಿ ವಿರುದ್ಧವಾದುದನ್ನು ಕೊಡುತ್ತಾರೆ. ಬಂದ ದಿನವೇ ಮಗುವನ್ನು ಎತ್ತಿ ಮುದ್ದಿಸುತ್ತಾರೆ. ಮಗುವು ಅವರಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಕಣ್ಣೀರು ಸುರಿಸಿ ವಿಮಾನವನ್ನೇರುತ್ತಾರೆ. ಮಾರನೆಯ ವಾರ ಇನ್ನೊಬ್ಬರು ಬರುತ್ತಾರೆ. ಹೊಸಬರು ಬಾಗಿಲಿಗೆ ಬಂದೊಡನೆಯೇ ಮಕ್ಕಳು ಓಡಿಬಂದು ಅಪ್ಪಿಕೊಳ್ಳುವುದನ್ನು ಕಂಡು ಹೋದವರು, “ಎಂಥ ಪ್ರೀತಿಯ ಮಕ್ಕಳು!” ಎಂದು ಬೆರಗಾಗುತ್ತಾರೆ. ಮಕ್ಕಳ ಮನಸ್ಸನ್ನು ಬಲ್ಲವರು ಅದನ್ನು ರೋಗದ ಲಕ್ಷಣವೆಂದು ಎಣಿಸುತ್ತಾರೆ. ತಾಯಿಯ ಸೆರಗನ್ನು ಹಿಡಿದು ಬೆಳೆದ ಮಗುವು ಅಪರಿಚಿತರನ್ನು ಕಂಡರೆ ಮೊದಲು ಹಿಂಜರಿಯುತ್ತದೆ. ಯಾರೂ ತನ್ನವರಿಲ್ಲದ ಮಗುವಿಗೆ ಎಲ್ಲರೂ ಒಂದೇ.

ಮಹಾಭಾರತದ ಕರ್ಣನ ಕಥೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಹೆತ್ತ ತಾಯಿಯು ಬದುಕಿರುವಾಗಲೇ ತಬ್ಬಲಿಯಾದವನು ಅವನು. ಅವನ ಜನ್ಮರಹಸ್ಯವನ್ನು ಕೃಷ್ಣನು ತಿಳಿಸಿ, ರಾಜ್ಯವನ್ನೇ ಕೊಡಿಸುತ್ತೇನೆಂದರೂ ಅವನು ಸೂತನ ಮನೆಯ ರಾಧೆಯನ್ನು ಬಿಟ್ಟು ಬರಲಿಲ್ಲ. ಕಾರಣವೇನು? ಎತ್ತಿಕೊಂಡ ದಿನದಿಂದ ಅವನನ್ನು ಅವಳು ಕೈಬಿಡಲಿಲ್ಲ. ಹೆರದೆಯೂ ತಾಯಿಯಾಗಬಹುದೆಂಬುದಕ್ಕೆ ರಾಧೆಯೇ ಸಾಕ್ಷಿ. ಆದರೆ ಹಿಂದಿರುಗುವ ಟಿಕೀಟನ್ನು ಮೊದಲೇ ಕೊಂಡು ಬಂದವರು ರಾಧೆಯಾಗಲಾರರು.

ಇದಕ್ಕೂ ಮಿಗಿಲಾದ ಅಪಾಯವೊಂದಿದೆ. ಅದನ್ನು ಹೇಳಲು ಸಂಕೋಚವಾದರೂ ಹೇಳದಿರುವುದು ತಪ್ಪು. ಬಂದವರಿಗೆಲ್ಲ ತೆರೆಯುವ ಬಾಗಿಲೊಳಗೆ ದುಷ್ಟರೂ ಬರುತ್ತಾರೆ. ಕೀನ್ಯಾ ದೇಶದ ನೈರೋಬಿಯ ಬಾಲಗೃಹವೊಂದಕ್ಕೆ ಸೇವೆಗೆಂದು ಹೋದ ಅಮೆರಿಕಾದ ಯುವಕನೊಬ್ಬನಿಗೆ, ಅಲ್ಲಿಯ ಮಕ್ಕಳ ಮೇಲೆ ಎಸಗಿದ ಲೈಂಗಿಕ ಅಪರಾಧಕ್ಕಾಗಿ, ಅವನ ದೇಶದ ನ್ಯಾಯಾಲಯವು 2016ರಲ್ಲಿ 40 ವರ್ಷಗಳ ಸೆರೆಯನ್ನು ವಿಧಿಸಿತು. ಶಾಲೆಯ ಅಂಗಳಕ್ಕೆ ಅಪರಿಚಿತನು ಕಾಲಿಟ್ಟರೆ ಯಾರೆಂದು ಕೇಳುವ ತಂದೆತಾಯಿಗಳು, ಹೊರದೇಶದ ಮಕ್ಕಳು ಮಲಗುವ ಕೋಣೆಯ ವರೆಗೂ ತಮ್ಮ ಮಕ್ಕಳು ಯಾರ ಅಡ್ಡಿಯೂ ಇಲ್ಲದೆ ಹೋಗಬಹುದೆಂಬುದನ್ನು ಕೇಳಿ ಆಶ್ಚರ್ಯಪಡಬೇಡವೆ?

ಎರಡನೆಯ ಆಕ್ಷೇಪವು ಇದಕ್ಕಿಂತ ಪ್ರಬಲವಾದುದು. “ತಂದೆತಾಯಿಗಳು ಇದ್ದರೇನು? ಅವರು ಕಡುಬಡವರು. ಗೃಹದಲ್ಲಿ ಮಗುವಿಗೆ ಊಟವೂ ಶಾಲೆಯೂ ದೊರೆಯುತ್ತವೆ. ಹಳ್ಳಿಯಲ್ಲಿ ಏನಿದೆ?” ಎಂದು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಅಮೆರಿಕಾದವರೇ ಎಂದೋ ಕೊಟ್ಟುಕೊಂಡಿದ್ದಾರೆ. 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಕರೆದ ಸಮ್ಮೇಳನವು, ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಅಗಲಿಸಕೂಡದೆಂದು ನಿರ್ಣಯಿಸಿತು. ಆಮೇಲೆ ಆ ದೇಶದಲ್ಲಿ ಹಳೆಯ ಬಗೆಯ ಅನಾಥಾಲಯಗಳು ಕ್ರಮವಾಗಿ ಮುಚ್ಚಿಹೋದುವು. ಆಸ್ಟ್ರೇಲಿಯಾ ದೇಶವು ಇನ್ನೂ ಮುಂದೆ ಹೋಯಿತು. ಕಳೆದ ಶತಮಾನದಲ್ಲಿ ಅಲ್ಲಿಯ ಗೃಹಗಳಲ್ಲಿ ಬೆಳೆದ ಸುಮಾರು ಐದು ಲಕ್ಷ ಮಕ್ಕಳು ಪಟ್ಟ ಪಾಡಿಗಾಗಿ, 2009ರ ನವೆಂಬರ್ 16ರಂದು ಪ್ರಧಾನ ಮಂತ್ರಿಗಳು ದೇಶದ ಪರವಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ವಿಚಿತ್ರವೇನೆಂದರೆ, ಆ ಕ್ಷಮೆಯ ಮಾತು ಹೊರಟ ಕಾಲದಲ್ಲಿಯೇ ಅದೇ ದೇಶದ ತರುಣರು ಕಾಂಬೋಡಿಯಾ ನೇಪಾಳಗಳ ಅನಾಥಾಲಯಗಳಿಗೆ ಸೇವೆಗೆಂದು ಹೊರಟಿದ್ದರು. ತಮ್ಮ ಮಕ್ಕಳಿಗೆ ವಿಷವೆಂದು ಬಿಟ್ಟುದನ್ನು ಪರರ ಮಕ್ಕಳಿಗೆ ಔಷಧವೆಂದು ಉಣಿಸುವುದು ಯಾವ ನ್ಯಾಯ? ಅಲ್ಲಿಯ ಪಾರ್ಲಿಮೆಂಟಿನ ಸಮಿತಿಯು 2017ರಲ್ಲಿ ಈ ಅಸಂಗತಿಯನ್ನು ಕಂಡುಕೊಂಡು, ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದು ಆಧುನಿಕ ದಾಸ್ಯದ ಒಂದು ರೂಪವೆಂದು ತನ್ನ ವರದಿಯಲ್ಲಿ ಬರೆಯಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಪ್ರವಾಸಿಗಳ ಇಂಥ ಸೇವೆಯಿಂದ ಆಗುವ ಕೇಡನ್ನು ತಡೆಗಟ್ಟಬೇಕೆಂದು ಎಲ್ಲ ರಾಷ್ಟ್ರಗಳಿಗೂ ಹೇಳಿತು.

ಶಾಲೆಯು ದೂರವಾದರೆ ಶಾಲೆಯನ್ನು ಹತ್ತಿರಕ್ಕೆ ತರಬೇಕು. ಅಕ್ಕಿ ಸಾಲದಿದ್ದರೆ ಅಕ್ಕಿಯನ್ನು ಕೊಡಬೇಕು. ಮಗುವನ್ನು ಮನೆಯಲ್ಲಿ ಇರಿಸಿ ನೆರವು ನೀಡುವುದಕ್ಕೆ ಆಗುವ ವೆಚ್ಚವು ಗೃಹದಲ್ಲಿ ಸಾಕುವ ವೆಚ್ಚದ ಒಂದು ಅಲ್ಪಭಾಗವೆಂಬುದು ಅನೇಕ ದೇಶಗಳ ಅನುಭವ. ಭಾರತದ 2015ರ ಬಾಲನ್ಯಾಯ ಶಾಸನವೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆಂದು ವಿಧಿಸಿದೆ. ಬಡತನದಿಂದ ಮಗುವು ಮನೆಬಿಡಬಾರದೆಂದು ಕುಟುಂಬಕ್ಕೆ ತಿಂಗಳಿಗೆ 4,000 ರೂಪಾಯಿಗಳ ವರೆಗೆ ಪ್ರಾಯೋಜಕ ಧನವನ್ನು ಕೊಡುವ ವ್ಯವಸ್ಥೆಯು 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸೇರಿದೆ. ವಿಮಾನದ ಒಂದು ಟಿಕೀಟಿನ ಹಣವು ಬೆಟ್ಟದ ಹಳ್ಳಿಯೊಂದರಲ್ಲಿ ಒಂದು ಮಗುವನ್ನು ತಾಯಿಯ ಬಳಿಯೇ ಎಷ್ಟು ತಿಂಗಳು ಇರಿಸಬಹುದೆಂಬುದನ್ನು ಲೆಕ್ಕ ಬಲ್ಲವರು ಎಣಿಸಲಿ.

ಮೂರನೆಯ ಆಕ್ಷೇಪವು ಪ್ರಾಚೀನ ವಿದ್ಯಾಪದ್ಧತಿಯಲ್ಲಿ ಗೌರವವುಳ್ಳವರಿಂದ ಬರತಕ್ಕುದು. “ಗುರುಕುಲದಲ್ಲಿ ಮಕ್ಕಳು ತಂದೆತಾಯಿಗಳನ್ನು ಬಿಟ್ಟು ಬೆಳೆಯಲಿಲ್ಲವೆ? ತುಮಕೂರಿನ ಸಿದ್ಧಗಂಗಾ ಮಠದಂಥ ಸ್ಥಳಗಳಲ್ಲಿ ಸಾವಿರಾರು ಬಡಮಕ್ಕಳು ಉಂಡು ಓದಿ ಮುಂದೆ ಬರಲಿಲ್ಲವೆ?” ಎಂದು ಅವರು ಕೇಳಬಹುದು. ಈ ಹೋಲಿಕೆಯು ಮೇಲುನೋಟಕ್ಕೆ ಸರಿಯಾಗಿ ಕಂಡರೂ ಒಳಗೆ ಟೊಳ್ಳು. ಗುರುಕುಲಕ್ಕೆ ಹೋಗುವ ವಟುವಿಗೆ ತಂದೆಯು ಉಪನಯನವನ್ನು ಮಾಡಿ ಕಳುಹಿಸುತ್ತಿದ್ದನು. ಅವನ ಗೋತ್ರ, ಕುಲ, ಹೆಸರುಗಳು ಗುರುವಿಗೆ ತಿಳಿದಿರುತ್ತಿದ್ದುವು. ಗುರುವು ಅಲ್ಲಿಯೇ ನೆಲಸಿದವನು. ವಿದ್ಯೆಯು ಮುಗಿದ ಮೇಲೆ ಸಮಾವರ್ತನವೆಂಬ ಸಂಸ್ಕಾರವೇ ಇತ್ತು. ಆ ಪದಕ್ಕೆ ಹಿಂದಿರುಗುವಿಕೆಯೆಂದೇ ಅರ್ಥ. ಮನೆಗೆ ಮರಳುವುದನ್ನು ಆ ಪದ್ಧತಿಯು ಸಂಸ್ಕಾರಗಳಲ್ಲಿ ಒಂದಾಗಿ ಎಣಿಸಿತು. ಕರ್ನಾಟಕದ ಮಠಗಳ ವಿದ್ಯಾರ್ಥಿನಿಲಯಗಳಲ್ಲಿಯೂ ಮಕ್ಕಳನ್ನು ಹೆತ್ತವರು ತಾವೇ ಕರೆತಂದು ಸೇರಿಸುತ್ತಾರೆ; ರಜೆಯಲ್ಲಿ ಮಕ್ಕಳು ಊರಿಗೆ ಹೋಗುತ್ತಾರೆ; ಯಾರೂ ಅವರನ್ನು ಅನಾಥರೆಂದು ಹೇಳಿ ಪ್ರದರ್ಶಿಸುವುದಿಲ್ಲ. ಕಾಠ್ಮಂಡುವಿನ ಕಾಗದದ ಅನಾಥನಿಗೆ ಸಮಾವರ್ತನವೆಲ್ಲಿಯದು? ಅವನು ಮನೆಗೆ ಮರಳಿದರೆ ಗೃಹದ ಆದಾಯವೇ ನಿಲ್ಲುತ್ತದೆ.

ಇನ್ನು ಕಡೆಯ ಆಕ್ಷೇಪ. “ಎಲ್ಲ ಗೃಹಗಳೂ ಕೆಟ್ಟವಲ್ಲ, ನಿಜವಾದ ಅನಾಥರೂ ಇದ್ದಾರೆ” ಎಂಬುದು. ಎರಡೂ ನಿಜ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಮಹಾಭೂಕಂಪವಾಗಿ ಸಾವಿರಾರು ಜನರು ಮಡಿದಾಗ ಎಷ್ಟೋ ಮಕ್ಕಳು ನಿಜವಾಗಿಯೇ ತಬ್ಬಲಿಗಳಾದರು. ಆಗ ಆ ಸರಕಾರವು ಏನು ಮಾಡಿತು? ಹೊಸ ಬಾಲಗೃಹಗಳ ನೋಂದಣಿಯನ್ನು ನಿಲ್ಲಿಸಿತು; ಮಕ್ಕಳನ್ನು ವಿದೇಶಕ್ಕೆ ದತ್ತು ಕೊಡುವುದನ್ನು ತಡೆಯಿತು; ತಂದೆತಾಯಿಗಳಾಗಲಿ ಅಂಗೀಕೃತ ಪೋಷಕರಾಗಲಿ ಜೊತೆಯಲ್ಲಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆಗೆ ಕರೆದೊಯ್ಯಕೂಡದೆಂದು ಆಜ್ಞೆ ಮಾಡಿತು. ವಿಪತ್ತಿನ ಹಿಂದೆಯೇ ದಲ್ಲಾಳಿಗಳು ಬರುವರೆಂದೂ, ಅವರ ಹಿಂದೆ ಕರುಣಾಳುಗಳು ಬರುವರೆಂದೂ ಅದಕ್ಕೆ ಅನುಭವದಿಂದ ತಿಳಿದಿತ್ತು. ನಿಜವಾದ ತಬ್ಬಲಿಗೂ ಸಾಮಾನ್ಯವಾಗಿ ಅಜ್ಜಿ, ಚಿಕ್ಕಪ್ಪ, ಸೋದರಮಾವ, ನೆರೆಮನೆಯವರು ಇರುತ್ತಾರೆ. ಅವರಿಗೆ ಬಲ ಕೊಡುವುದೇ ಮೊದಲ ಕರ್ತವ್ಯ. ಯಾರೂ ಇಲ್ಲದ ಮಗುವಿಗೆ ಬೇಕಾದುದು ಅದರ ಭಾಷೆಯನ್ನು ಬಲ್ಲ, ಅದೇ ಊರಿನಲ್ಲಿ ನೆಲಸಿದ, ಮುಂದಿನ ವರ್ಷವೂ ಇರುವ ಪಾಲಕರು. ಒಳ್ಳೆಯ ಗೃಹವಾವುದು, ಕೆಟ್ಟುದಾವುದು ಎಂಬುದನ್ನು ನೇಪಾಳಿ ಭಾಷೆಯ ಒಂದು ಅಕ್ಷರವನ್ನೂ ಅರಿಯದವರು ಮೂರು ವಾರಗಳಲ್ಲಿ ಹೇಗೆ ತಿಳಿಯಬಲ್ಲರು? ಅವರಿಗೆ ಒಂದೇ ಸುಲಭವಾದ ಪರೀಕ್ಷೆಯುಂಟು. ಯಾವ ವಿಚಾರಣೆಯೂ ಇಲ್ಲದೆ, ಹಣ ಕೊಟ್ಟ ಮಾತ್ರಕ್ಕೆ ಅಪರಿಚಿತರನ್ನು ಮಕ್ಕಳ ಬಳಿಗೆ ಬಿಡುವ ಗೃಹವು ಮಕ್ಕಳ ಹಿತವನ್ನು ಕಾಯುವ ಗೃಹವಲ್ಲ. ಆದುದರಿಂದ ತಮ್ಮನ್ನು ಸುಲಭವಾಗಿ ಒಳಗೆ ಬಿಟ್ಟ ಬಾಗಿಲೇ ಅವರಿಗೆ ಎಚ್ಚರಿಕೆಯಾಗಬೇಕು. ಪ್ರವಾಸಿಯ ರಹದಾರಿಯಲ್ಲಿ ಬಂದವರು ಸಂಬಳವಿಲ್ಲದೆಯೂ ಕೆಲಸ ಮಾಡಕೂಡದೆಂಬುದು ನೇಪಾಳದ ಕಾನೂನೇ ಆಗಿರುವಾಗ, ಈ ಸೇವೆಯ ಬಹುಭಾಗವು ಆ ದೇಶದ ಕಾನೂನನ್ನು ಮುರಿದೇ ನಡೆಯುವುದೆಂಬುದನ್ನೂ ನೆನೆಯಬೇಕು.

ಹಾಗಾದರೆ ತರುಣರು ಪರದೇಶಗಳಿಗೆ ಹೋಗಲೇಬಾರದೆ? ಅವಶ್ಯವಾಗಿ ಹೋಗಲಿ. ಬೆಟ್ಟಗಳನ್ನು ನೋಡಲಿ, ದೇವಾಲಯಗಳನ್ನು ನೋಡಲಿ, ಕೊಡಬೇಕಾದ ಬೆಲೆಯನ್ನು ಕೊಟ್ಟು ಅಲ್ಲಿಯ ಜನರ ಛತ್ರಗಳಲ್ಲಿ ತಂಗಲಿ. ಪ್ರವಾಸವು ಪ್ರವಾಸವೆಂಬ ಹೆಸರಿನಲ್ಲಿಯೇ ನಡೆದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ವೈದ್ಯರೋ ಉಪಾಧ್ಯಾಯರೋ ಆಗಿ ನಿಜವಾದ ವಿದ್ಯೆಯನ್ನು ಗಳಿಸಿದವರು, ಅಲ್ಲಿಯ ದಾದಿಯರಿಗೂ ಉಪಾಧ್ಯಾಯರಿಗೂ ತಮ್ಮ ವಿದ್ಯೆಯನ್ನು ತಿಳಿಸಿಕೊಟ್ಟು ಬರಲಿ. ಅದು ಅವರು ಬಂದ ಮೇಲೆಯೂ ಅಲ್ಲಿ ಉಳಿಯುವುದು. ಹಣವಿದ್ದವರು ಮಕ್ಕಳನ್ನು ಮನೆಗೆ ಮರಳಿಸುವ, ಮನೆಯಲ್ಲಿಯೇ ಉಳಿಸುವ ಸಂಸ್ಥೆಗಳಿಗೆ ಕೊಡಲಿ. ಆ ಕೊಡುಗೆಯಿಂದ ಮಕ್ಕಳೊಡನೆ ತೆಗೆಯಿಸಿದ ಭಾವಚಿತ್ರವು ದೊರೆಯದು. ಅದು ದೊರೆಯದಿರುವುದೇ ಆ ದಾನದ ಶುದ್ಧತೆಗೆ ಗುರುತು.

ಗ್ರೆನನ್ನರು ಗೋದಾವರಿಯ ಗೃಹದಲ್ಲಿ ಕಳೆದ ಮೊದಲ ತಿಂಗಳುಗಳಿಗಿಂತ, ಹುಮ್ಲಾದ ಕಾಲುದಾರಿಗಳಲ್ಲಿ ಭಾವಚಿತ್ರಗಳನ್ನು ಹಿಡಿದು ನಡೆದ ದಿನಗಳಲ್ಲಿಯೇ ಆ ಮಕ್ಕಳ ನಿಜವಾದ ಸೇವೆಯನ್ನು ಮಾಡಿದರು. ಆಗ ಅವರು ಕೇಳಿದ ಪ್ರಶ್ನೆಯು ಒಂದೇ. ಸುಶಿಕ್ಷಿತರ ಮನೆಗಳಲ್ಲಿ ಮಗನೋ ಮಗಳೋ ಬಂದು, “ಹೊರದೇಶದ ಅನಾಥಾಲಯವೊಂದರಲ್ಲಿ ಒಂದು ತಿಂಗಳು ಸೇವೆ ಮಾಡಿ ಬರುತ್ತೇನೆ, ಹಣ ಕೊಡಿರಿ” ಎಂದಾಗ, ಮನೆಯ ಹಿರಿಯರು ಗದರಿಸಬೇಕಾಗಿಲ್ಲ, ಮಕ್ಕಳ ಕರುಣೆಯನ್ನು ಹೀಯಾಳಿಸಬೇಕಾಗಿಯೂ ಇಲ್ಲ. ಅದೇ ಪ್ರಶ್ನೆಯನ್ನು ಅವರೂ ಕೇಳಿದರೆ ಸಾಕು: “ಆ ಮಕ್ಕಳ ತಾಯಿ ತಂದೆಗಳು ಎಲ್ಲಿದ್ದಾರೆ?” ಅದಕ್ಕೆ ಉತ್ತರವನ್ನು ತಿಳಿದು ಬರುವ ವರೆಗೆ ಹಣದ ಪೆಟ್ಟಿಗೆಯ ಬೀಗವನ್ನು ತೆಗೆಯದಿರುವುದೇ ಧರ್ಮ.